ಯಾವ ವಿದ್ಯೆ, ಯಾರ ಆಯ್ಕೆ?

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾದ ದಿನದಿಂದ ಪದವಿಪೂರ್ವ ಕಾಲೇಜಿನ ತರಗತಿಗಳು ಆರಂಭವಾಗುವವರೆಗೆ ಇರುವ ಅವಧಿ ಕೆಲವೇ ವಾರಗಳದು. ಆ ಅಲ್ಪಾವಧಿಯಲ್ಲಿ ಕರ್ನಾಟಕದ ಸಾವಿರಾರು ಮನೆಗಳಲ್ಲಿ ಒಂದು ನಿರ್ಣಯವಾಗುತ್ತದೆ. ಅರ್ಜಿಯಲ್ಲಿ ವಿಜ್ಞಾನ, ವಾಣಿಜ್ಯ, ಕಲೆ ಎಂಬ ಮೂರು ವಿಭಾಗಗಳಿರುತ್ತವೆ. ಅವುಗಳಲ್ಲಿ ಒಂದರ ಮುಂದೆ ಗುರುತು ಹಾಕಿದೊಡನೆ ಹದಿನಾರು ವರ್ಷದ ಮಗನ ಅಥವಾ ಮಗಳ ಮುಂದಿನ ಜೀವನದ ಒಂದು ದಿಕ್ಕು ತೆರೆದುಕೊಳ್ಳುತ್ತದೆ, ಕೆಲವು ದಿಕ್ಕುಗಳು ಮುಚ್ಚಿಕೊಳ್ಳುತ್ತವೆ. ಒಂದು ನಿವೇಶನವನ್ನು ಕೊಳ್ಳುವ ಮೊದಲು ಆರು ತಿಂಗಳು ಪತ್ರಗಳನ್ನು ಪರಿಶೀಲಿಸುವ, ವಿವಾಹ ಸಂಬಂಧಕ್ಕಾಗಿ ನಾಲ್ಕು ಊರು ಸುತ್ತಿ ವಿಚಾರಿಸುವ ಗೃಹಸ್ಥನು ಈ ಒಂದು ವಿಷಯದಲ್ಲಿ ಮಾತ್ರ ನೆರೆಮನೆಯವರು ಏನು ಮಾಡಿದರೆಂಬುದನ್ನು ಕೇಳಿಕೊಂಡು ಮುಂದುವರಿಯುವುದು ಆಶ್ಚರ್ಯದ ಸಂಗತಿ. ವಿಚಾರವು ಎಲ್ಲಕ್ಕಿಂತ ಹೆಚ್ಚು ಬೇಕಾದಲ್ಲಿಯೇ ಎಲ್ಲಕ್ಕಿಂತ ಕಡಿಮೆಯಾಗುತ್ತಿದೆ.

ಈ ಆಯ್ಕೆ ಹತ್ತನೆಯ ತರಗತಿಯ ನಂತರಕ್ಕೆ ನಿಗದಿಯಾಗಿರುವುದರ ಹಿಂದೆ ಒಂದು ಸದುದ್ದೇಶವಿತ್ತು. 1964ರಿಂದ 1966ರವರೆಗೆ ಕಾರ್ಯ ನಿರ್ವಹಿಸಿದ ಶಿಕ್ಷಣ ಆಯೋಗವು ಹತ್ತನೆಯ ತರಗತಿಯವರೆಗೆ ಎಲ್ಲ ಮಕ್ಕಳಿಗೂ ಸಾಮಾನ್ಯ ಶಿಕ್ಷಣವೇ ದೊರೆಯಬೇಕು, ವಿಷಯಗಳ ವಿಂಗಡಣೆ ಅದಕ್ಕೂ ಮುಂಚೆ ಆಗಬಾರದು ಎಂದು ಶಿಫಾರಸು ಮಾಡಿತು. ಆ ಆಯೋಗದ ಅಧ್ಯಕ್ಷರು ಉದಯಪುರದ ಜೈನ ಮನೆತನದಲ್ಲಿ ಜನಿಸಿದ ಭೌತವಿಜ್ಞಾನಿ ದೌಲತ್ ಸಿಂಗ್ ಕೊಠಾರಿಯವರು. ಆಧುನಿಕ ಭೌತವಿಜ್ಞಾನಕ್ಕೂ ಸ್ಯಾದ್ವಾದಕ್ಕೂ ಇರುವ ಸಂಬಂಧವನ್ನು ಕುರಿತು ಅವರು ಬರೆದಿದ್ದಾರೆ. ಬಾಲಕನೊಬ್ಬನು ಜ್ಞಾನದ ಹಲವು ಮುಖಗಳನ್ನು ಕಂಡ ಮೇಲೆಯೇ ಒಂದನ್ನು ಹಿಡಿಯಲಿ ಎಂಬುದು ಅಂತಹ ವ್ಯವಸ್ಥೆಯ ಆಶಯ. ಇಂದು ನಡೆಯುತ್ತಿರುವುದು ಅದಕ್ಕೆ ವಿಪರೀತ. ಎಂಟನೆಯ ತರಗತಿಯಲ್ಲಿಯೇ ಮಗುವನ್ನು ಪ್ರವೇಶ ಪರೀಕ್ಷೆಯ ತರಬೇತಿಗೆ ಸೇರಿಸಲಾಗುತ್ತಿದೆ. ಉಳಿದ ಮುಖಗಳನ್ನು ಕಾಣುವ ಮೊದಲೇ ಕಣ್ಣಿಗೆ ಪಟ್ಟಿ ಕಟ್ಟಲಾಗುತ್ತಿದೆ.

ಹೀಗೊಂದು ಮನೆಯನ್ನು ಕಣ್ಣೆದುರಿಗೆ ತಂದುಕೊಳ್ಳಬಹುದು. ಇಂತಹ ಮನೆ ಓದುಗರಿಗೆ ಅಪರಿಚಿತವಲ್ಲ. ತಾಲೂಕು ಕೇಂದ್ರವೊಂದರಲ್ಲಿ ಮೂರು ತಲೆಮಾರಿನಿಂದ ನಡೆದುಬಂದ ಬಟ್ಟೆ ಅಂಗಡಿ. ಯಜಮಾನನಿಗೆ ಒಬ್ಬನೇ ಮಗ. ಹುಡುಗನಿಗೆ ಎಸ್.ಎಸ್.ಎಲ್.ಸಿ.ಯಲ್ಲಿ 625ಕ್ಕೆ 571 ಅಂಕಗಳು. ರಜೆಯ ದಿನಗಳಲ್ಲಿ ಅವನು ಸುತ್ತಲಿನ ಹಳ್ಳಿಗಳ ಹಾಳು ಬಸದಿಗಳಿಗೆ ಹೋಗಿ ಶಾಸನದ ಕಲ್ಲುಗಳ ಅಕ್ಷರಗಳನ್ನು ನೋಟುಪುಸ್ತಕದಲ್ಲಿ ಒಂದೊಂದಾಗಿ ಬರೆದುಕೊಂಡು ಬರುತ್ತಿದ್ದನು. ಇತಿಹಾಸ ಓದುತ್ತೇನೆಂದು ಅವನು ಹೇಳಿದಾಗ ಮನೆಯಲ್ಲಿ ಯಾರೂ ಗದರಲಿಲ್ಲ, ಹೊಡೆಯಲಿಲ್ಲ. ತಂದೆಯು ನಕ್ಕು, ಅದನ್ನು ಬಿಡುವಿನಲ್ಲಿ ಓದಬಹುದಲ್ಲವೇ ಎಂದನು. ಇಷ್ಟು ಅಂಕ ಪಡೆದು ಕಲಾ ವಿಭಾಗಕ್ಕೆ ಹೋದರೆ ನಾಲ್ಕು ಜನ ಏನೆಂದಾರು ಎಂದು ತಾಯಿ ಕಣ್ಣೀರು ಹಾಕಿದಳು. ಹತ್ತು ದಿನಗಳ ನಂತರ ಹುಡುಗನು ತಾನಾಗಿಯೇ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರಗಳ ಸಂಯೋಜನೆಗೆ ಒಪ್ಪಿದನು. ದೂರದ ಊರಿನ ವಸತಿ ಕಾಲೇಜೊಂದಕ್ಕೆ ಹಣ ಕಟ್ಟಲಾಯಿತು. ಮಗನನ್ನು ತಾನು ಎಂದೂ ಬಲವಂತ ಮಾಡಲಿಲ್ಲವೆಂದು ತಂದೆಯು ಪ್ರಾಮಾಣಿಕವಾಗಿಯೇ ನಂಬಿದ್ದನು.

ತಂದೆಯ ವಾದದಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವುದು ನ್ಯಾಯವಲ್ಲ. ವಿಜ್ಞಾನವನ್ನು ಓದಿದವನು ಮುಂದೆ ವಾಣಿಜ್ಯಕ್ಕೋ ಕಾನೂನಿಗೋ ಸಾಹಿತ್ಯಕ್ಕೋ ಹೋಗಬಲ್ಲನು. ಕಲೆಯನ್ನೋ ವಾಣಿಜ್ಯವನ್ನೋ ಓದಿದವನಿಗೆ ಎಂಜಿನಿಯರಿಂಗ್ ಮತ್ತು ವೈದ್ಯಕೀಯದ ಬಾಗಿಲು ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಕರ್ನಾಟಕದಲ್ಲಿ 1994ರಲ್ಲಿ ಆರಂಭವಾದ ಸಾಮಾನ್ಯ ಪ್ರವೇಶ ಪರೀಕ್ಷೆಯಾಗಲಿ, ಅನಂತರ ವೈದ್ಯಕೀಯಕ್ಕಾಗಿ ದೇಶಕ್ಕೆಲ್ಲ ಒಂದಾಗಿ ಬಂದ ನೀಟ್ ಪರೀಕ್ಷೆಯಾಗಲಿ ವಿಜ್ಞಾನದ ವಿಷಯಗಳನ್ನೇ ಆಧರಿಸಿವೆ. ಆದುದರಿಂದ ನಿರ್ಧಾರವಾಗದ ಬಾಲಕನು ವಿಜ್ಞಾನವನ್ನು ಆರಿಸಿದರೆ ಹೆಚ್ಚು ಬಾಗಿಲುಗಳು ತೆರೆದಿರುತ್ತವೆ ಎಂಬ ಮಾತು ಒಂದು ನಯದಿಂದ ಸತ್ಯ. ಆದರೆ ಅದು ಒಂದೇ ನಯ. ಬಾಗಿಲು ತೆರೆದಿರುವುದು ಬೇರೆ, ಆ ಬಾಗಿಲಿನವರೆಗೆ ನಡೆಯುವ ಕಾಲಿನ ಶಕ್ತಿ ಬೇರೆ. ಎರಡು ವರ್ಷ ಮನಸ್ಸಿಲ್ಲದೆ ಓದಿ, ಕಡಿಮೆ ಅಂಕ ಪಡೆದು, ತನ್ನ ಬುದ್ಧಿಯ ಮೇಲಿನ ನಂಬಿಕೆಯನ್ನೇ ಕಳೆದುಕೊಂಡವನಿಗೆ ತೆರೆದ ಬಾಗಿಲುಗಳಿಂದ ಪ್ರಯೋಜನವೇನು? ಮೇಲಾಗಿ ಆ ಬಾಗಿಲುಗಳೇ ಸ್ಥಿರವಲ್ಲ. ಕರ್ನಾಟಕವು 2021ರಲ್ಲಿ ಹೊಸ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ವ್ಯವಸ್ಥೆಯನ್ನು ಜಾರಿಗೆ ತಂದಿತು; 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಬದಲಾಗುವ ವ್ಯವಸ್ಥೆಯನ್ನು ಮಾತ್ರ ನೋಡಿ, ಎದುರಿಗೆ ಕುಳಿತಿರುವ ಮಗುವನ್ನು ನೋಡದೆ ಮಾಡಿದ ನಿರ್ಣಯವು ಏಕಾಂತ ದೃಷ್ಟಿಯ ನಿರ್ಣಯವೇ ಸರಿ.

ಹಾಗಾದರೆ ನಿರ್ಣಯಿಸುವ ಅಧಿಕಾರ ಯಾರದು? ಆಚಾರ್ಯ ಜಿನಸೇನರ ಆದಿಪುರಾಣದಲ್ಲಿ ಭಗವಾನ್ ವೃಷಭದೇವರು ತಮ್ಮ ಮಕ್ಕಳಿಗೆ ವಿದ್ಯೆಯನ್ನು ಕಲಿಸಿದ ಪ್ರಸಂಗವು ಎಲ್ಲರಿಗೂ ಪರಿಚಿತ. ಹೆಣ್ಣುಮಕ್ಕಳಲ್ಲಿ ಬ್ರಾಹ್ಮಿಗೆ ಲಿಪಿಯನ್ನು, ಸುಂದರಿಗೆ ಅಂಕವಿದ್ಯೆಯನ್ನು ಕಲಿಸಿದರು. ಭರತನಿಗೆ ಅರ್ಥಶಾಸ್ತ್ರ, ವೃಷಭಸೇನನಿಗೆ ಗಾಂಧರ್ವಶಾಸ್ತ್ರ, ಅನಂತವಿಜಯನಿಗೆ ಚಿತ್ರಕಲೆ, ಬಾಹುಬಲಿಗೆ ಆಯುರ್ವೇದ, ಧನುರ್ವೇದ, ರತ್ನಪರೀಕ್ಷೆ ಮೊದಲಾದವು ದೊರೆತವು. ಈ ಪ್ರಸಂಗವನ್ನು ಪೂಜ್ಯಭಾವದಿಂದ ಕೇಳಿ ಮನೆಗೆ ಹೋಗುವ ತಂದೆತಾಯಂದಿರು ಅದರಲ್ಲಿರುವ ಎರಡು ಸಂಗತಿಗಳನ್ನು ಗಮನಿಸುವುದು ಒಳ್ಳೆಯದು. ಮೊದಲನೆಯದು, ಒಂದೇ ತಂದೆಯ ಮಕ್ಕಳಿಗೆ ಒಂದೇ ವಿದ್ಯೆ ದೊರೆಯಲಿಲ್ಲ. ಸಂಗೀತ ಕಲಿತವನು ಅರ್ಥಶಾಸ್ತ್ರ ಕಲಿತವನಿಗಿಂತ ಕೀಳೆಂದು ಪುರಾಣವು ಎಣಿಸುವುದಿಲ್ಲ. ಎರಡನೆಯದು, ಅಲ್ಲಿ ವಿದ್ಯೆಯನ್ನು ಕೊಟ್ಟವರು ತಂದೆಯೇ ಹೌದು. ಆದರೆ ಅವರು ಮೂರು ಜ್ಞಾನಗಳೊಡನೆ ಜನಿಸಿದವರು, ಪ್ರತಿಯೊಂದು ಮಗುವಿನ ಅಂತರಂಗವನ್ನು ಬಲ್ಲವರು. ಆ ಅಧಿಕಾರವನ್ನು ಬಯಸುವ ತಂದೆಯು ಆ ನೋಟವನ್ನೂ ಪಡೆದಿರಬೇಕಾಗುತ್ತದೆ. ನೋಟವಿಲ್ಲದ ಅಧಿಕಾರವು ಅಧಿಕಾರವಲ್ಲ, ಹಟ.

ಸಾಮಾನ್ಯ ಗೃಹಸ್ಥನಿಗೆ ಆ ಜ್ಞಾನವಿಲ್ಲ. ಅವನಿಗಿರುವುದು ಹದಿನಾರು ವರ್ಷ ಒಂದೇ ಮನೆಯಲ್ಲಿ ಇದ್ದು ಮಗುವನ್ನು ನೋಡಿದ ಅನುಭವ ಮಾತ್ರ. ಅದು ಚಿಕ್ಕದಲ್ಲ, ಆದರೆ ಆ ನೋಟವನ್ನು ಕಷಾಯಗಳು ಮುಸುಕುತ್ತವೆ. ಜಾತ್ರೆಯಲ್ಲಿ, ಕಲ್ಯಾಣಮಂಟಪದಲ್ಲಿ ಯಾರಾದರೂ ಮಗನ ಓದಿನ ಬಗ್ಗೆ ಕೇಳಿದಾಗ ಗಟ್ಟಿಯಾಗಿ ಉತ್ತರಿಸಬೇಕೆಂಬ ಆಸೆಯು ಮಾನಕಷಾಯ. ಕಲಿಯುವುದೇನೆಂದು ಕೇಳದೆ ಸಂಬಳವೆಷ್ಟೆಂದು ಮಾತ್ರ ಕೇಳುವುದು ಲೋಭ. ಎಲ್ಲವೂ ನಿನ್ನ ಇಷ್ಟವೆಂದು ಬಾಯಲ್ಲಿ ಹೇಳಿ, ಊಟ ಬಿಟ್ಟು, ಮಾತು ಬಿಟ್ಟು, ತನ್ನ ಇಷ್ಟವನ್ನೇ ನಡೆಸಿಕೊಳ್ಳುವುದು ಮಾಯೆ. ಕೊನೆಗೆ ಫಲ ಕೆಟ್ಟಾಗ ಮಗುವಿನ ಮೇಲೆ ಎರಗುವುದು ಕ್ರೋಧ. ನಾಲ್ಕು ಕಷಾಯಗಳನ್ನು ಕುರಿತ ಪ್ರವಚನವನ್ನು ಪರ್ಯುಷಣದಲ್ಲಿ ಭಕ್ತಿಯಿಂದ ಕೇಳುವ ಮನೆಯಲ್ಲಿಯೇ ಈ ನಾಲ್ಕೂ ಒಂದು ಪ್ರವೇಶಪತ್ರದ ಸುತ್ತ ಕುಳಿತಿರುತ್ತವೆ.

ಮಕ್ಕಳಲ್ಲಿ ಬುದ್ಧಿಯ ಭೇದವಿರುವುದನ್ನು ಆಗಮವು ಜ್ಞಾನಾವರಣೀಯ ಕರ್ಮದ ಕ್ಷಯೋಪಶಮದ ತಾರತಮ್ಯವೆಂದು ವಿವರಿಸುತ್ತದೆ. ಒಬ್ಬನಿಗೆ ಗಣಿತವು ನೀರು ಕುಡಿದಂತೆ, ಮತ್ತೊಬ್ಬನಿಗೆ ಭಾಷೆ. ಇನ್ನೊಬ್ಬನಿಗೆ ಪುಸ್ತಕ ಹಿಡಿಯದಿದ್ದರೂ ಯಂತ್ರದ ಒಳಗು ಕೈಬೆರಳಿಗೆ ತಿಳಿಯುತ್ತದೆ. ಇದರಲ್ಲಿ ಹೆಮ್ಮೆಪಡುವುದೂ ಇಲ್ಲ, ನಾಚುವುದೂ ಇಲ್ಲ. ಜ್ಞಾನದ ಮದವನ್ನು ಅಷ್ಟಮದಗಳಲ್ಲಿ ಎಣಿಸಿರುವಾಗ, ಚಿಕ್ಕಪ್ಪನ ಮಗನ ಅಂಕಗಳನ್ನು ಎತ್ತಿ ತೋರಿಸಿ ತನ್ನ ಮಗನನ್ನು ಹೀಗಳೆಯುವ ತಂದೆಯು ಒಂದೇ ಮಾತಿನಲ್ಲಿ ಇಬ್ಬರು ಬಾಲಕರಿಗೂ ಕೆಡುಕನ್ನು ಮಾಡುತ್ತಾನೆ. ಒಬ್ಬನಲ್ಲಿ ಮದವನ್ನು, ಇನ್ನೊಬ್ಬನಲ್ಲಿ ದೈನ್ಯವನ್ನು ಬಿತ್ತುತ್ತಾನೆ.

ಇಷ್ಟು ಹೇಳಿದ ಮಾತ್ರಕ್ಕೆ ಹದಿನಾರರ ಬಾಲಕನು ಬಯಸಿದುದೆಲ್ಲವೂ ಯೋಗ್ಯವೆಂದು ಅರ್ಥವಲ್ಲ. ಅವನ ಬಯಕೆಯೂ ಕಷಾಯಮುಕ್ತವಲ್ಲ. ಗೆಳೆಯನು ಸೇರಿದನೆಂದು ಸೇರುವುದುಂಟು. ಗಣಿತ ಕಷ್ಟವೆಂದು ತಪ್ಪಿಸಿಕೊಳ್ಳುವುದುಂಟು. ಒಂದು ಚಲನಚಿತ್ರವನ್ನು ಕಂಡು ವಕೀಲನಾಗಲು ಹೊರಡುವುದುಂಟು. ರಾಗವನ್ನು ರುಚಿಯೆಂದು ಭ್ರಮಿಸುವುದು ಆ ವಯಸ್ಸಿನ ಸಹಜ ದೋಷ. ಎರಡನ್ನೂ ಬೇರ್ಪಡಿಸಲು ಒಂದು ಸರಳವಾದ ಪರೀಕ್ಷೆಯಿದೆ. ಪ್ರತಿಯೊಂದು ವಿದ್ಯೆಗೂ ಬೇಸರದ ಭಾಗವೊಂದಿರುತ್ತದೆ: ಲೆಕ್ಕಶಾಸ್ತ್ರದಲ್ಲಿ ಒಂದು ರೂಪಾಯಿಯ ವ್ಯತ್ಯಾಸಕ್ಕಾಗಿ ಇಡೀ ಖಾತೆಯನ್ನು ಮತ್ತೆ ಕೂಡುವುದು, ವೈದ್ಯಕೀಯದಲ್ಲಿ ಮೂಳೆ ನರಗಳ ಹೆಸರುಗಳನ್ನು ಕಂಠಪಾಠ ಮಾಡುವುದು, ಕಾನೂನಿನಲ್ಲಿ ಹಳೆಯ ತೀರ್ಪುಗಳನ್ನು ಪುಟಪುಟವಾಗಿ ಓದುವುದು. ಆ ಬೇಸರದ ಭಾಗವನ್ನು ಯಾರೂ ಹೇಳದೆಯೇ ಮಾಡುವವನಿಗೆ ಆ ವಿದ್ಯೆಯಲ್ಲಿ ರುಚಿಯಿದೆ. ಅದರ ಕೀರ್ತಿಯ ಭಾಗವನ್ನು ಮಾತ್ರ ಮಾತನಾಡುವವನಿಗೆ ರಾಗವಿದೆ. ಬಟ್ಟೆ ವ್ಯಾಪಾರಿಯ ಮಗನು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕಲ್ಲಿನ ಮುಂದೆ ಕುಳಿತು ಅರ್ಥವಾಗದ ಅಕ್ಷರಗಳನ್ನು ಗಂಟೆಗಟ್ಟಲೆ ಬರೆದುಕೊಳ್ಳುತ್ತಿದ್ದುದನ್ನು ಮನೆಯವರೆಲ್ಲರೂ ನೋಡಿದ್ದರು. ನೋಡಿದ್ದರೂ ಕಂಡಿರಲಿಲ್ಲ.

ರುಚಿಯೊಂದೇ ಸಾಲದು, ಜೀವನೋಪಾಯವೂ ಬೇಕು. ಎರಡು ಎಕರೆ ಕಬ್ಬನ್ನು ನಂಬಿರುವ ಕೃಷಿಕನ ಮಗಳು, ತಂದೆಯನ್ನು ಕಳೆದುಕೊಂಡ ಮನೆಯ ಹಿರಿಯ ಮಗ, ಇವರಿಗೆ ಬೇಗನೆ ಸಂಪಾದಿಸಬೇಕಾದ ಕರ್ತವ್ಯವಿರುತ್ತದೆ. ಅದನ್ನು ಲೋಭವೆನ್ನುವುದು ಕ್ರೂರತನವಾದೀತು. ಶ್ರಾವಕನ ಗುಣಗಳನ್ನು ಎಣಿಸುವಾಗ ನ್ಯಾಯೋಪಾತ್ತ ಧನವನ್ನು, ಅಂದರೆ ನ್ಯಾಯದಿಂದ ಗಳಿಸಿದ ಧನವನ್ನು, ಮೊದಲಿಗೇ ಇರಿಸಿದ್ದಾರೆ. ಆದರೆ ನ್ಯಾಯವೆಂಬ ಆ ಮಾತನ್ನು ಓದು ಮುಗಿದು ಉದ್ಯೋಗ ದೊರೆತ ಮೇಲೆ ಅಲ್ಲ, ಓದನ್ನು ಆರಿಸುವಾಗಲೇ ವಿಚಾರಿಸಬೇಕು. ಹಿಂಸೆಯು ಅಧಿಕವಾದ ಹದಿನೈದು ಬಗೆಯ ವೃತ್ತಿಗಳನ್ನು ಶ್ರಾವಕಾಚಾರ ಗ್ರಂಥಗಳು ನಿಷೇಧಿಸಿವೆ. ವಿಷದ ವ್ಯಾಪಾರ, ದಂತದ ವ್ಯಾಪಾರ, ಕಾಡು ಸುಡುವುದು, ಕೆರೆ ಬತ್ತಿಸುವುದು, ಭೂಮಿಯನ್ನು ಅಗೆಯುವುದು, ಗಾಣದಂತಹ ಯಂತ್ರಗಳನ್ನು ನಡೆಸುವುದು ಅವುಗಳಲ್ಲಿ ಸೇರಿವೆ. ಈ ಪಟ್ಟಿಯನ್ನು ಇಂದು ಅಕ್ಷರಶಃ ಅನ್ವಯಿಸಹೊರಟರೆ ಎಣ್ಣೆ ಗಿರಣಿ, ಕಲ್ಲುಗಣಿ, ಕೀಟನಾಶಕದ ಅಂಗಡಿಗಳನ್ನು ನಡೆಸುವ ಅನೇಕ ಹಿರಿಯರೇ ಮೊದಲು ಉತ್ತರ ಹೇಳಬೇಕಾಗುತ್ತದೆ. ಆದುದರಿಂದ ಈ ವಿಚಾರದಲ್ಲಿ ಮಗುವನ್ನು ಪ್ರಶ್ನಿಸುವ ಮೊದಲು ಮನೆಯ ಆದಾಯವನ್ನೇ ಪ್ರಶ್ನಿಸಿಕೊಳ್ಳುವುದು ಪ್ರಾಮಾಣಿಕತೆ. ಆ ಬಳಿಕ ಮಗುವಿನೊಡನೆ ಕುಳಿತು, ಈ ವಿದ್ಯೆಯು ಯಾವ ಯಾವ ಉದ್ಯೋಗಗಳಿಗೆ ಒಯ್ಯುತ್ತದೆ, ಅವುಗಳಲ್ಲಿ ಯಾವುದನ್ನು ಒಪ್ಪಬಹುದು, ಯಾವುದನ್ನು ಸಂಬಳ ಎಷ್ಟಿದ್ದರೂ ಬಿಡಬೇಕು ಎಂದು ಮಾತನಾಡಿದರೆ ಆ ಮಾತಿಗೆ ತೂಕ ಬರುತ್ತದೆ.

ಅಹಿಂಸೆಯ ಕಾರಣಕ್ಕೆ ಒಂದು ವಿದ್ಯೆಯನ್ನೇ ತ್ಯಜಿಸಬೇಕೆಂಬುದೂ ದುಡುಕಿನ ಮಾತು. ಕಪ್ಪೆಯನ್ನು ಕೊಯ್ಯಬೇಕಾಗುವುದೆಂದು ಜೀವಶಾಸ್ತ್ರವನ್ನೇ ಬಿಟ್ಟ ಜೈನ ವಿದ್ಯಾರ್ಥಿನಿಯರು ಹಿಂದೆ ಅನೇಕರಿದ್ದರು. ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಪ್ರಾಣಿಗಳನ್ನು ಛೇದಿಸುವ ಪದ್ಧತಿಯನ್ನು ಹಂತಹಂತವಾಗಿ ಕೈಬಿಡಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2011ರಲ್ಲಿ ಮಾರ್ಗಸೂಚಿ ಹೊರಡಿಸಿತು. ಔಷಧ ಸಂಶೋಧನೆಯಲ್ಲಿ ಪ್ರಾಣಿಗಳ ಬಳಕೆ ಇನ್ನೂ ನಿಂತಿಲ್ಲವಾದರೂ ದಾರಿ ಬದಲಾಗಬಲ್ಲದೆಂಬುದಕ್ಕೆ ಇದು ಸಾಕ್ಷಿ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ಚಿಕಿತ್ಸಾಕ್ರಮವನ್ನು ಕಲ್ಯಾಣಕಾರಕವೆಂಬ ಗ್ರಂಥದಲ್ಲಿ ನಿರೂಪಿಸಿದರು. ಅವರು ವೈದ್ಯವನ್ನು ಬಿಡಲಿಲ್ಲ. ವೈದ್ಯದೊಳಗೆ ವ್ರತವನ್ನು ತಂದರು. ಅದೇ ಶತಮಾನದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ಬರೆದರು, ಜಿನಸೇನಾಚಾರ್ಯರು ಪುರಾಣವನ್ನು ಬರೆದರು. ವೈದ್ಯ, ಗಣಿತ, ಕಾವ್ಯ ಈ ಮೂರರಲ್ಲಿ ಯಾವುದು ಶ್ರೇಷ್ಠವೆಂದು ಸ್ಪರ್ಧೆ ನಡೆಸದೆ ಮೂರನ್ನೂ ಪೋಷಿಸಿದ್ದರಿಂದಲೇ ಆ ಕಾಲವು ಇಂದಿಗೂ ಸ್ಮರಣೀಯವಾಗಿದೆ.

ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ ವಿದ್ಯೆಯಿಂದ ಸಮಾಜಕ್ಕೇನು ಲಾಭವೆಂದು ಕೇಳುವವರಿದ್ದಾರೆ. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1906ರಲ್ಲಿ ಜನಿಸಿದ ಆದಿನಾಥ ನೇಮಿನಾಥ ಉಪಾಧ್ಯೆಯವರು ಪ್ರಾಕೃತವನ್ನು ಆರಿಸಿಕೊಂಡರು. ಅದರಿಂದ ಐಶ್ವರ್ಯ ಬರುವಂತಿರಲಿಲ್ಲ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ದೀರ್ಘಕಾಲ ಅಧ್ಯಾಪಕರಾಗಿದ್ದು 1935ರಲ್ಲಿ ಪ್ರವಚನಸಾರದ ಶಾಸ್ತ್ರೀಯ ಆವೃತ್ತಿಯನ್ನು ಹೊರತಂದರು. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಶತಮಾನಗಳ ಕಾಲ ಉಳಿದುಬಂದ ಷಟ್ಖಂಡಾಗಮದ ಧವಲಾ ಟೀಕೆಯು 1939ರಿಂದ ಸಂಪುಟಗಳಾಗಿ ಪ್ರಕಟವಾಗತೊಡಗಿದಾಗ, ಅಮರಾವತಿಯ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಹೀರಾಲಾಲ ಜೈನರ ಸಂಪಾದನಕಾರ್ಯಕ್ಕೆ ಉಪಾಧ್ಯೆಯವರೂ ನೆರವಾದರು. ತಾಳೆಗರಿಗಳನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸಲು ಸಾವಿರಾರು ಜನರಿದ್ದರು. ಅವುಗಳನ್ನು ಓದಬಲ್ಲವರು ಬೆರಳೆಣಿಕೆಯಷ್ಟೇ ಇದ್ದರು. ಆ ತಲೆಮಾರಿನ ತಂದೆತಾಯಂದಿರೆಲ್ಲರೂ ಲಾಭದ ವಿದ್ಯೆಯನ್ನೇ ಹಟ ಹಿಡಿದಿದ್ದರೆ ಆ ಪೆಟ್ಟಿಗೆಗಳ ಗತಿಯೇನಾಗುತ್ತಿತ್ತೆಂಬುದನ್ನು ದೇವಾಲಯಗಳ ಆಡಳಿತಗಾರರು ಯೋಚಿಸಬೇಕು.

ವ್ಯಾಪಾರದ ಮನೆತನದವರು ಇನ್ನೊಂದು ನಿದರ್ಶನವನ್ನು ಗಮನಿಸಬಹುದು. ಅಹಮದಾಬಾದಿನ ಜೈನ ಗಿರಣಿ ಮಾಲೀಕರ ಮನೆಯಲ್ಲಿ 1919ರಲ್ಲಿ ಜನಿಸಿದ ವಿಕ್ರಮ ಸಾರಾಭಾಯಿಯವರು ಕೇಂಬ್ರಿಜ್‌ನಲ್ಲಿ ಪ್ರಕೃತಿವಿಜ್ಞಾನವನ್ನು ಓದಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಿಂತಿರುಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರಲ್ಲಿ ವಿಶ್ವಕಿರಣಗಳ ಸಂಶೋಧನೆ ನಡೆಸಿದರು. ಬಟ್ಟೆಯ ವ್ಯಾಪಾರಕ್ಕೂ ಆಕಾಶದಿಂದ ಇಳಿಯುವ ಕಿರಣಗಳಿಗೂ ಏನು ಸಂಬಂಧವೆಂದು ಅಂದು ಯಾರಿಗಾದರೂ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಅವರೇ 1947ರಲ್ಲಿ ಭೌತವಿಜ್ಞಾನ ಸಂಶೋಧನಾಲಯವನ್ನು ಸ್ಥಾಪಿಸಿದರು. ಅದೇ ವರ್ಷ ಅಹಮದಾಬಾದಿನ ಬಟ್ಟೆ ಗಿರಣಿಗಳಿಗಾಗಿ ಸಂಶೋಧನಾ ಸಂಸ್ಥೆಯೊಂದನ್ನು ಕಟ್ಟುವುದರಲ್ಲಿಯೂ ಮುಂದಾದರು. ಮಗನು ಬೇರೆ ವಿದ್ಯೆಗೆ ಹೋದರೆ ಮನೆತನದ ಉದ್ಯಮವು ಅವನನ್ನು ಕಳೆದುಕೊಳ್ಳುತ್ತದೆಂಬ ಭಯವು ಯಾವಾಗಲೂ ನಿಜವಾಗುವುದಿಲ್ಲ.

ಎಲ್ಲರ ಮಗನೂ ಸಾರಾಭಾಯಿ ಆಗುವುದಿಲ್ಲವೆಂಬ ಉತ್ತರವು ಸಿದ್ಧವಾಗಿಯೇ ಇರುತ್ತದೆ. ಆ ಮಾತು ನಿಜ. ಆದುದರಿಂದ ಯಶಸ್ಸಿನ ಉದಾಹರಣೆಗಳನ್ನು ಇಲ್ಲಿಗೇ ಬಿಟ್ಟು ಮತ್ತೆ ಆ ತಾಲೂಕು ಕೇಂದ್ರದ ಮನೆಗೆ ಬರುವುದು ಯೋಗ್ಯ.

ಹುಡುಗನು ಪ್ರತಿ ಭಾನುವಾರ ಮನೆಗೆ ದೂರವಾಣಿಯಲ್ಲಿ ಮಾತನಾಡುತ್ತಿದ್ದನು. ಓದು ಚೆನ್ನಾಗಿ ನಡೆದಿದೆ, ಕಿರುಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಿದೆ ಎಂದು ಹೇಳುತ್ತಿದ್ದನು. ದಸರಾ ರಜೆಯ ವೇಳೆಗೆ ಕಾಲೇಜಿನಿಂದ ಬಂದ ಅಂಕಪಟ್ಟಿಯಲ್ಲಿ ಭೌತಶಾಸ್ತ್ರ, ಗಣಿತಗಳೆರಡರಲ್ಲಿಯೂ ಅನುತ್ತೀರ್ಣನೆಂದಿತ್ತು. ನಾಲ್ಕು ತಿಂಗಳು ಪ್ರತಿ ವಾರವೂ ಅವನು ಹೇಳಿದುದೆಲ್ಲವೂ ಸುಳ್ಳೆಂದು ತಿಳಿದ ದಿನ ತಂದೆಯು ಅಂಗಡಿಯನ್ನು ಮಧ್ಯಾಹ್ನವೇ ಮುಚ್ಚಿ ಬಂದನು. ಹಣ ಹೋಯಿತು, ಮರ್ಯಾದೆ ಹೋಯಿತು, ಈ ಮನೆಯಲ್ಲಿ ಯಾರೂ ಹೀಗೆ ಸುಳ್ಳು ಹೇಳಿದವರಿಲ್ಲ ಎಂದು ಕೂಗಾಡಿದನು. ನಿತ್ಯವೂ ಸಾಮಾಯಿಕ, ಪ್ರತಿಕ್ರಮಣಗಳನ್ನು ತಪ್ಪದೆ ಮಾಡುವ ಅಜ್ಜಿಯು ಎಲ್ಲವನ್ನೂ ಕೇಳಿ ಒಂದೇ ಒಂದು ಪ್ರಶ್ನೆಯನ್ನು ಕೇಳಿದಳು. ಅವನು ಸುಳ್ಳು ಹೇಳಿದ್ದು ಯಾರಿಗೆ ಹೆದರಿ?

ಆ ಪ್ರಶ್ನೆಗೆ ಉತ್ತರ ಹೇಳುವುದು ಕಠಿಣ. ಸತ್ಯವ್ರತದ ಭಂಗವನ್ನು ಮಗನ ಖಾತೆಗೆ ಬರೆಯುವುದು ಸುಲಭ. ಆದರೆ ಸ್ವತಃ ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದುದನ್ನು ಅನುಮೋದಿಸುವುದು ಈ ಮೂರಕ್ಕೂ ಹೊಣೆಯುಂಟೆಂದು ಜೈನಾಚಾರವು ಕಲಿಸುತ್ತದೆ. ಸತ್ಯವನ್ನು ಹೇಳಿದರೆ ಬದುಕಲಾಗದಂತಹ ಮನೆಯನ್ನು ಕಟ್ಟಿ, ಬಳಿಕ ಮಗುವು ಸುಳ್ಳು ಹೇಳಿತೆಂದು ಬೆರಗಾಗುವ ಹಿರಿಯನು ಆ ಸುಳ್ಳನ್ನು ಮಾಡಿಸಿದವನೇ ಆಗುತ್ತಾನೆ. ತಪ್ಪು ವಿಷಯವನ್ನು ಆರಿಸಿದುದು ಇಲ್ಲಿ ದೊಡ್ಡ ಹಾನಿಯಲ್ಲ. ತಪ್ಪಾಯಿತೆಂದು ಹೇಳಿಕೊಳ್ಳಲು ಜಾಗವಿಲ್ಲದೆ ಹೋದುದೇ ದೊಡ್ಡ ಹಾನಿ. ದೂರದ ಊರುಗಳ ವಸತಿನಿಲಯಗಳಲ್ಲಿ ಈ ಜಾಗವಿಲ್ಲದೆ ಪ್ರಾಣವನ್ನೇ ಕಳೆದುಕೊಂಡ ಮಕ್ಕಳ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿ ಮಡಿಸಿಡುವ ಮನೆಗಳು ತಮ್ಮ ಮನೆಯೊಳಗೂ ಒಮ್ಮೆ ನೋಡಿಕೊಳ್ಳಬೇಕು.

ಆ ರಾತ್ರಿ ನಡೆದ ಮಾತಿನಲ್ಲಿ ತಂದೆಯು ಮತ್ತೆ ಮತ್ತೆ ಹೇಳಿದುದು ಒಂದೇ: ಒಂದು ವರ್ಷ ನಷ್ಟವಾಗುತ್ತದೆ. ಆಶ್ಚರ್ಯವೆಂದರೆ ಅವನು ವ್ಯಾಪಾರಿ. ಹೋಗದೆ ನಿಂತ ಸರಕನ್ನು ಪ್ರತಿ ದೀಪಾವಳಿಗೂ ಅಸಲಿಗಿಂತ ಕಡಿಮೆಗೆ ಮಾರಿ, ಬಂದ ಹಣದಿಂದ ಹೊಸ ಸರಕು ತರುವುದು ಅವನ ವಾಡಿಕೆ. ಕೊಂಡ ಬೆಲೆಯನ್ನು ನೆನೆಯುತ್ತ ಹಳೆಯ ಥಾನುಗಳನ್ನು ಅಪ್ಪಿಕೊಂಡು ಕುಳಿತವನು ದಿವಾಳಿಯಾಗುತ್ತಾನೆಂದು ಅವನೇ ಗುಮಾಸ್ತರಿಗೆ ಕಲಿಸಿದ್ದನು. ಹೋದ ಹಣವು ಹೋಯಿತು, ಇನ್ನು ಮುಂದೆ ಹಾಕುವ ಹಣದ ವಿಚಾರವನ್ನು ಮಾತ್ರ ಮಾಡಬೇಕೆಂಬ ಈ ನೀತಿಯು ವಾಣಿಜ್ಯದ ಮೊದಲ ಪಾಠ. ಅದು ಅಂಗಡಿಯಲ್ಲಿ ನಡೆಯುತ್ತದೆ, ಮಗನ ವಿಷಯದಲ್ಲಿ ನಡೆಯುವುದಿಲ್ಲ. ಏಕೆಂದರೆ ಅಲ್ಲಿ ಹಾಕಿದ ಬಂಡವಾಳವು ಹಣವಲ್ಲ, ಮಾನ.

ಪ್ರತಿಕ್ರಮಣವೆಂಬ ಪದದ ಅರ್ಥವೇ ಹಿಂತಿರುಗುವುದು. ದಾರಿ ತಪ್ಪಿ ಹೋದ ಹೆಜ್ಜೆಯನ್ನು ಗುರುತಿಸಿ ಸ್ವಸ್ಥಾನಕ್ಕೆ ಮರಳುವುದನ್ನು ನಿತ್ಯಕ್ರಿಯೆಯಾಗಿ ಇರಿಸಿಕೊಂಡ ಸಮಾಜವಿದು. ಮುನಿಗಳೂ ಪ್ರತಿದಿನ ಹಿಂತಿರುಗಿ ನೋಡುವರೆಂದಾದರೆ, ಹದಿನಾರು ವರ್ಷದ ಬಾಲಕನು ಒಂದು ವರ್ಷದ ನಂತರ ಹಿಂತಿರುಗಿದರೆ ಅದರಲ್ಲಿ ನಾಚಿಕೆಯೇನು? ಸಮ್ಯಕ್ ದರ್ಶನ, ಸಮ್ಯಕ್ ಜ್ಞಾನ, ಸಮ್ಯಕ್ ಚಾರಿತ್ರ ಎಂಬ ಕ್ರಮದಲ್ಲಿ ದರ್ಶನವು ಮೊದಲು ಬರುತ್ತದೆ. ಆ ರತ್ನತ್ರಯವು ಮೋಕ್ಷಮಾರ್ಗಕ್ಕೆ ಸಂಬಂಧಿಸಿದುದು. ಲೌಕಿಕ ವಿದ್ಯೆಗೆ ಅದನ್ನು ನೇರವಾಗಿ ಅನ್ವಯಿಸಲಾಗದು. ಆದರೆ ಅದರ ಕ್ರಮವು ಗೃಹಸ್ಥನಿಗೆ ಒಂದು ಪಾಠವನ್ನು ಹೇಳುತ್ತದೆ. ಮೊದಲು ಸರಿಯಾಗಿ ನೋಡಬೇಕು, ಆಮೇಲೆ ತಿಳಿಯಬೇಕು, ಆಮೇಲೆ ನಡೆಯಬೇಕು. ನಡೆಯುತ್ತಿರುವಾಗಲೂ ನೋಟವನ್ನು ಬಿಡಬಾರದು.

ಈ ನೋಟಕ್ಕೆ ಅವಕಾಶ ಕಲ್ಪಿಸುವುದರಲ್ಲಿ ಬಸದಿಗಳ ಮತ್ತು ಟ್ರಸ್ಟುಗಳ ಪಾತ್ರವು ದೊಡ್ಡದು. ವಿದ್ಯಾದಾನವನ್ನು ಶ್ರೇಷ್ಠ ದಾನಗಳಲ್ಲಿ ಎಣಿಸುವ ಸಮಾಜದಲ್ಲಿ ಅನೇಕ ಟ್ರಸ್ಟುಗಳು ವಿದ್ಯಾರ್ಥಿವೇತನ ನೀಡುತ್ತಿವೆ. ಅದು ಎಂಜಿನಿಯರಿಂಗ್, ವೈದ್ಯಕೀಯಗಳಿಗೆ ಮಾತ್ರ ಮೀಸಲಾಗದೆ ಇತಿಹಾಸ, ಪ್ರಾಕೃತ, ಲೆಕ್ಕಶಾಸ್ತ್ರ, ಶುಶ್ರೂಷೆ, ಕೈಗಾರಿಕಾ ತರಬೇತಿಗಳಿಗೂ ಸಮನಾಗಿ ದೊರೆಯಬೇಕು. ಆರಿಸಿದ ವಿಭಾಗವನ್ನು ಬದಲಾಯಿಸಿದ ವಿದ್ಯಾರ್ಥಿಯ ನೆರವನ್ನು ನಿಲ್ಲಿಸುವ ನಿಯಮವೆಲ್ಲಾದರೂ ಇದ್ದರೆ ಅದನ್ನು ತೆಗೆದುಹಾಕಿ, ಆ ನಷ್ಟದ ಒಂದು ವರ್ಷಕ್ಕೆ ವಿಶೇಷವಾಗಿ ನೆರವು ನೀಡುವುದು ಕರುಣೆಯೂ ಹೌದು, ವಿವೇಕವೂ ಹೌದು. ಪ್ರತಿವರ್ಷ ಪರೀಕ್ಷೆ ಮುಗಿದು ಫಲಿತಾಂಶ ಬರುವುದರೊಳಗೆ ಸಮಾಜದ ವೈದ್ಯರು, ಲೆಕ್ಕಪರಿಶೋಧಕರು, ರೈತರು, ಶಿಕ್ಷಕರು, ಯಂತ್ರಕುಶಲಿಗಳು ಬಸದಿಯ ಸಭಾಭವನದಲ್ಲಿ ಮಕ್ಕಳೊಡನೆ ಒಂದು ದಿನ ಕುಳಿತು, ತಮ್ಮ ಕೆಲಸದ ಬೇಸರದ ಭಾಗವನ್ನೂ ಅದರಲ್ಲಿ ಎದುರಾಗುವ ಧರ್ಮಸಂಕಟಗಳನ್ನೂ ಮುಚ್ಚಿಡದೆ ಹೇಳಿದರೆ, ಸನ್ಮಾನ ಸಮಾರಂಭಕ್ಕಿಂತ ಕಡಿಮೆ ಖರ್ಚಿನಲ್ಲಿ ಹೆಚ್ಚಿನ ಉಪಕಾರವಾಗುತ್ತದೆ. ಸನ್ಮಾನದ ವೇದಿಕೆಯ ಮೇಲೆ ಹೆಚ್ಚು ಅಂಕ ಪಡೆದ ಐವರನ್ನು ನಿಲ್ಲಿಸುವಾಗ ಕೆಳಗೆ ಕುಳಿತ ಐವತ್ತು ಮಕ್ಕಳ ಮನಸ್ಸಿನಲ್ಲಿ ಏನು ನಡೆಯುತ್ತದೆಂಬುದನ್ನೂ ಆಗ ಕೇಳಿಸಿಕೊಳ್ಳಬಹುದು.

ಆ ಹುಡುಗನು ಮುಂದಿನ ವರ್ಷ ತನ್ನ ಊರಿನ ಸರಕಾರಿ ಪದವಿಪೂರ್ವ ಕಾಲೇಜಿನಲ್ಲಿ ಕಲಾ ವಿಭಾಗಕ್ಕೆ ಹೊಸದಾಗಿ ಸೇರಿದನು. ಅರ್ಜಿ ಕೊಡಲು ತಾಯಿ ಜೊತೆಗೆ ಹೋದಳು, ತಂದೆಯು ಹೋಗಲಿಲ್ಲ. ಕೆಲವು ತಿಂಗಳು ತಂದೆಮಗನ ನಡುವೆ ಮಾತು ಕಡಿಮೆಯೇ ಇತ್ತು. ಅವನು ಮುಂದೆ ಎಷ್ಟು ಸಂಪಾದಿಸುವನೋ ಹೇಳಬಲ್ಲವರಿಲ್ಲ. ಕಲಾ ವಿಭಾಗದ ಪದವೀಧರರಿಗೆ ಕೆಲಸ ದೊರೆಯುವುದು ಸುಲಭವಲ್ಲವೆಂಬ ತಂದೆಯ ಆತಂಕವು ಸುಳ್ಳೂ ಅಲ್ಲ. ಆದರೆ ಮನೆಯಲ್ಲಿ ಸುಳ್ಳು ನಿಂತಿತು. ಅಂಕ ಕಡಿಮೆ ಬಂದ ದಿನ ಕಡಿಮೆ ಬಂದಿದೆಯೆಂದು ಅವನು ಬಾಯಿಬಿಟ್ಟು ಹೇಳತೊಡಗಿದನು.

ಒಂದು ಬೆಳಿಗ್ಗೆ ಬಸದಿಯಲ್ಲಿ ಅಭಿಷೇಕ ಮುಗಿದ ಮೇಲೆ ತಂದೆಯು ಬಿಂಬದ ಪೀಠದ ಮೇಲಿನ ಸವೆದ ಸಾಲೊಂದನ್ನು ತೋರಿಸಿ, ಅದೇನೆಂದು ಮಗನನ್ನು ಕೇಳಿದನು. ನಲವತ್ತು ವರ್ಷ ಆ ಪೀಠಕ್ಕೆ ನಮಸ್ಕರಿಸಿದ್ದರೂ ಅವನು ಅದನ್ನು ಅಕ್ಷರವೆಂದು ಗಮನಿಸಿರಲಿಲ್ಲ. ಹುಡುಗನು ಬಗ್ಗಿ ಬಹಳ ಹೊತ್ತು ನೋಡಿ, ಯಾರೋ ಒಬ್ಬ ಸೆಟ್ಟಿ ಮಾಡಿಸಿಕೊಟ್ಟದ್ದು ಎಂಬಷ್ಟನ್ನು ಓದಿದನು. ಉಳಿದದ್ದು ಸದ್ಯಕ್ಕೆ ತನಗೆ ತಿಳಿಯುವುದಿಲ್ಲ, ಇನ್ನೂ ಕಲಿಯಬೇಕು ಎಂದನು. ತಿಳಿಯದುದನ್ನು ತಿಳಿಯದೆಂದು ತಂದೆಯ ಮುಂದೆ ಹೆದರದೆ ಹೇಳುವ ಮಗು ಯಾವ ವಿದ್ಯೆಯನ್ನು ಆರಿಸಿದರೂ ಅದರ ಆರಂಭವು ಸರಿಯಾಗಿದೆಯೆಂದು ತಿಳಿಯಬಹುದು. ಆ ನಿರ್ಭಯವನ್ನು ಕೊಡುವುದು ಹಿರಿಯರ ಕೈಯಲ್ಲಿದೆ. ಅಭಯದಾನವು ಪ್ರಾಣಿಗಳಿಗೆ ಮಾತ್ರವಲ್ಲ, ಮಕ್ಕಳಿಗೂ ಸಲ್ಲಬೇಕಾದುದು.